ತುಟಿ ನೋಡುವ ಚಾಳಿ

ಪದವಿಯ ಕೊನೆಯ ವರ್ಷ ನಮ್ಮ ಕಾಲೇಜಿಗೆ ಹುಬ್ಬಳ್ಳಿಯಿಂದ ಒಬ್ಬ ತರಬೇತುದಾರರು ಬಂದಿದ್ದರು. ನೌಕರಿಯ ಸಂದರ್ಶನದಲ್ಲಿ ಹೇಗೆ ಕೂರಬೇಕು, ಎಷ್ಟು ನಗಬೇಕು, ಕೈ ಎಲ್ಲಿಡಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಜಮಖಂಡಿಯ ಬಿಸಿಲಿಗೆ ಕೋಟು ಹಾಕಿಕೊಂಡು ಬಂದಿದ್ದರು, ಪಾಪ. ಒಬ್ಬೊಬ್ಬರನ್ನೇ ಎದುರಿನ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರು. ನನ್ನ ಸರದಿ ಬಂದಾಗ ಅರ್ಧಕ್ಕೇ ನಿಲ್ಲಿಸಿ, "ನನ್ನ ಕಣ್ಣು ನೋಡಿ ಮಾತಾಡಮ್ಮ, ಬಾಯಿ ಯಾಕೆ ನೋಡ್ತೀಯ?" ಅಂದರು. ಹುಡುಗರೆಲ್ಲ ನಕ್ಕರು. ನಾನು ಕಣ್ಣು ನೋಡಿದೆ. ಕಣ್ಣು ನೋಡಿದರೆ ಅವರು ಏನು ಕೇಳುತ್ತಿದ್ದಾರೆ ಎಂಬುದೇ ತಲೆಗೆ ಹೋಗಲಿಲ್ಲ. ಮತ್ತೆ ಬಾಯಿಗೆ ಇಳಿದೆ. ಅವರು ಏನೋ ಬರೆದುಕೊಂಡರು, ಆತ್ಮವಿಶ್ವಾಸ ಕಡಿಮೆ ಎಂದಿರಬೇಕು.

ಆತ್ಮವಿಶ್ವಾಸಕ್ಕೆ ಏನೂ ಆಗಿರಲಿಲ್ಲ. ನಾನು ಬನಹಟ್ಟಿಯವಳು, ಅಷ್ಟೆ.

ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಅಡಿಗೆ, ಊಟ, ಮಲಗುವುದು. ಹಿಂದಿನ ಅರ್ಧದಲ್ಲಿ ಮಗ್ಗ. ಕೈಮಗ್ಗವಲ್ಲ, ಕರೆಂಟಿನ ಮಗ್ಗ. ಗುಂಡಿ ಒತ್ತಿದರೆ ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಬಡಿಯತೊಡಗುತ್ತದೆ. ಪಕ್ಕದಲ್ಲಿ ನಿಂತು ಚೀರಿದರೂ ಕೇಳುವುದಿಲ್ಲ. ಹಾಗಂತ ಮಾತು ನಿಲ್ಲುತ್ತದೆಯೇ? ಮಗ್ಗದ ಮುಂದೆ ನಿಂತವರು ಧ್ವನಿ ತೆಗೆಯದೆ ಬರೀ ಬಾಯಿ ಆಡಿಸುತ್ತಾರೆ. ಎದುರಿಗಿದ್ದವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಮೂಲೆಯಲ್ಲಿ ಕೂತ ಮಕ್ಕಳಿಗೆ ತಾನಾಗಿ ಬರುತ್ತದೆ, ಹಾಲುಹಲ್ಲು ಬೀಳುವ ಹೊತ್ತಿಗೆ. ಸದ್ದಿನಿಂದ ಹೊರಗೆ ಬಂದ ಮೇಲೂ ಎದುರಿನವರ ಬಾಯಿ ನೋಡುವ ಚಾಳಿ ಹೋಗುವುದಿಲ್ಲ. ಕಿವಿ ಮಂದವಾಗಿರುವುದರಿಂದ ದನಿಯೂ ಜೋರು. ಕಾಲೇಜಿನಲ್ಲಿ ಮುಧೋಳದ ಹುಡುಗಿಯರು ನಮಗೆ, "ಬನಹಟ್ಟಿಯವ್ರ ಗುಟ್ಟು ಬಸ್‌ ಸ್ಟ್ಯಾಂಡಿನ ತನಕ ಕೇಳ್ತೈತಿ" ಎಂದು ಚಾಷ್ಟಿ ಮಾಡುತ್ತಿದ್ದರು.

ಅಪ್ಪ ಅವ್ವ ಇಬ್ಬರೂ ಎದುರುಬದುರು ನಿಂತು ನೇಯುತ್ತಿದ್ದರು. ನಮ್ಮ ಮನೆಯ ದೊಡ್ಡ ಜಗಳಗಳೆಲ್ಲ ಒಂದು ಚೂರೂ ಕೂಗಾಟವಿಲ್ಲದೆ ನಡೆದವು. ಅವ್ವ ಬಾಯಿ ಆಡಿಸಿ ಬೈಯುವಳು. ಅಪ್ಪನಿಗೆ ಸಾಕಾದಾಗ ಎಳೆ ಕಡಿಯಿತೆಂದು ನೆವ ಮಾಡಿ ಮಗ್ಗದ ಮೇಲೆ ಬಗ್ಗಿಬಿಡುವನು. ನೋಡದಿದ್ದರೆ ಬೈಗುಳ ಮುಟ್ಟುವುದಿಲ್ಲವಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಕಣ್ಣು ತಗ್ಗಿಸಲು ಬಲ್ಲವನಿಗೆ ಜಗಳವಿಲ್ಲ. ಸೀರೆ ಒಯ್ಯಲು ಬರುವ ವ್ಯಾಪಾರಿ ನನ್ನತ್ತ ಮುಖ ಮಾಡಿ ನಿಂತಾಗ, ಅಪ್ಪ ಅವನ ಬೆನ್ನ ಹಿಂದಿನಿಂದ, "ಹೊಟ್ಟಿ ನೋಡವ್ವ, ಲಾಳಿ ನುಂಗಿ ಬಂದಾನ" ಎನ್ನುತ್ತಿದ್ದ. ನಾನು ನಗು ತಡೆಯಲಾಗದೆ ಕಂಡಿಕೆ ಬೀಳಿಸುತ್ತಿದ್ದೆ. ಅಪ್ಪ ನನ್ನೊಂದಿಗೆ ಆಡಿದ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಕಿವಿಯಿಂದ ಕೇಳಿಲ್ಲ. ಅವನ ದನಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಈಗ ಹೇಳಲು ಬರುವುದಿಲ್ಲ. ಬಾಯಿ ಮಾತ್ರ ಚೆನ್ನಾಗಿ ನೆನಪಿದೆ.

ಅಣ್ಣನಿಗೆ ಇದು ಬರುವುದಿಲ್ಲ. ಮಗ್ಗದ ಸದ್ದು ತಲೆಗೆ ಏರುತ್ತದೆ ಎಂದು ಅವನು ಸಣ್ಣವನಿದ್ದಾಗಲೇ ಸೋದರಮಾವನ ಹೊಲ ಸೇರಿಕೊಂಡ. ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಂಗಾಮು ಶುರುವಾದರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಮುಂದೆ ಸರದಿಯಲ್ಲಿ ನಿಂತಿರುತ್ತಾನೆ, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು. ಆ ಸದ್ದು ತಲೆಗೆ ಏರುವುದಿಲ್ಲವಂತೆ. ಒಳ್ಳೆಯವನೇ. ಮಾತು ಸ್ವಲ್ಪ ಒರಟು, ಕೈ ದೊಡ್ಡದು, ಅಪ್ಪನೆಂದರೆ ಜೀವ.

ಕಾಲೇಜಿಗೆ ಹೋಗತೊಡಗಿದ ಮೇಲೆ ಈ ಚಾಳಿಯಿಂದ ನನಗೆ ಬೇಡದ ಸುದ್ದಿಗಳೆಲ್ಲ ತಿಳಿಯತೊಡಗಿದವು. ಜಮಖಂಡಿಯ ಬಸ್‌ ಸ್ಟ್ಯಾಂಡಿನಲ್ಲಿ ಬನಹಟ್ಟಿ ಬಸ್ಸಿಗೆ ಕಾಯುತ್ತ ಕೂತರೆ ಎದುರಿನ ಕಟ್ಟೆಯ ಮೇಲಿನವರ ಮಾತೆಲ್ಲ ಕಣ್ಣಿಗೆ ಬೀಳುತ್ತಿತ್ತು. ಬೀಗರ ಮನೆಗೆ ಹೊರಟವಳು ಬೀಗರನ್ನು ಬೈಯುವುದು, ಮುಧೋಳದ ಬಸ್ಸು ಬಂತೆಂದು ಫೋನಿನಲ್ಲಿ ಸುಳ್ಳು ಹೇಳುವುದು. ಯಾರಿಗೂ ಹೇಳುತ್ತಿರಲಿಲ್ಲ. ಹೇಳಲು ಅವರು ನನಗೇನಾಗಬೇಕು?

ನಾನು ನೋಡಿದ್ದನ್ನು ಬಾಯಿಬಿಟ್ಟು ಹೇಳಿದ್ದು ಮೊದಲು ಒಬ್ಬ ಗೆಳತಿಗಾಗಿ. ಅವಳು ಬೀಳಗಿ ತಾಲೂಕಿನ ಗಲಗಲಿಯವಳು, ನನ್ನದೇ ಬೆಂಚಿನವಳು. ಅವಳನ್ನು ನೋಡಲು ವರನ ಕಡೆಯವರು ಬರುವ ದಿನ ನನ್ನನ್ನೂ ಊರಿಗೆ ಕರೆದೊಯ್ದಳು. ನೆವ ಅವಲಕ್ಕಿ ಮಾಡಲು, ಖರೆ ಕಾರಣ ನನ್ನ ಕಣ್ಣು. ಅವಳ ಮನೆಯ ಹಿತ್ತಲಲ್ಲಿ ನಿಂತರೆ ಕೃಷ್ಣೆಯ ಹಿನ್ನೀರು ಕಾಣುತ್ತದೆ. ಚಹಾ ಅವಲಕ್ಕಿ ಮುಗಿಸಿ, ವರ ಮತ್ತು ಅವನ ತಾಯಿ ವಿಚಾರ ಮಾಡಲೆಂದು ಅಂಗಳದ ಆ ತುದಿಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಗೆಳತಿ ಬೆನ್ನ ಹಿಂದೆ ನಿಂತು, "ಇದ್ದದ್ದ ಇದ್ದಂಗ ಹೇಳು, ನನ್ನ ಮನಸ್ಸಿಗೆ ಹಚ್ಚಿ ಹೇಳಬ್ಯಾಡ" ಅಂದಳು.

ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ತಾಯಿ, "ಬಣ್ಣ ಕಡಿಮಿ ಐತಿ, ಆದ್ರ ಗಟ್ಟಿ ಅದಾಳ, ಕೆಲಸಕ್ಕ ಆಗ್ತಾಳ" ಅಂದಳು. ಹುಡುಗ, "ನನಗ ಮನಸ್ಸಿಗೆ ಬಂದಾಳ, ನೀ ಸುಮ್ನಿರು ಬೇ" ಅಂದ. ಗೆಳತಿ ಎರಡನೆಯದನ್ನಷ್ಟೇ ಇನ್ನೊಮ್ಮೆ ಹೇಳಿಸಿಕೊಂಡಳು. ಆ ಹುಡುಗನನ್ನೇ ಮದುವೆಯಾದಳು. "ಅತ್ತಿ ಏನರ ಅಂದ್ರ ಈಗ ಬ್ಯಾಸರ ಆಗಂಗಿಲ್ಲ, ಮೊದಲ ಗೊತ್ತಿತ್ತಲ್ಲ" ಎಂದು ಆಮೇಲೊಮ್ಮೆ ನಗುತ್ತ ಹೇಳಿದಳು. ಅವತ್ತಿನಿಂದ ನನಗೆ ಒಂದು ಧೈರ್ಯ ಬಂತು. ಕಣ್ಣಿಗೆ ಬಿದ್ದ ಮಾತು ಒಬ್ಬರಿಗೆ ಸೇರಬೇಕಾದದ್ದಾಗಿದ್ದರೆ, ಅದನ್ನು ಹಾಗೇ ಅವರಿಗೆ ಮುಟ್ಟಿಸಬೇಕು, ನಡುವೆ ನಮ್ಮ ಕೈ ಆಡಿಸಬಾರದು ಎಂದುಕೊಂಡೆ. ಇಪ್ಪತ್ತರ ವಯಸ್ಸಿನಲ್ಲಿ ನ್ಯಾಯ ಬಹಳ ಸರಳವಾಗಿ ಕಾಣುತ್ತದೆ.

ಅದೇ ವರ್ಷದ ಚಳಿಗಾಲದಲ್ಲಿ ಅಪ್ಪನ ಉಸಿರು ಕೆಟ್ಟಿತು. ಕೆಮ್ಮು ಮೊದಲಿನಿಂದಲೂ ಇತ್ತು. ನೂಲಿನ ಧೂಳಿನಲ್ಲಿ ನಿಲ್ಲುವವರಿಗೆ ಕೆಮ್ಮು ಹೊಸದಲ್ಲ, ಮನೆಯಲ್ಲಿ ಯಾರೂ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ಒಂದು ಮುಂಜಾನೆ ಕೂತರೂ ಉಸಿರು ಸಾಲದೆ ತುಟಿ ನೀಲಿಯಾಯಿತು. ಜಮಖಂಡಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಕೆಲವು ದಿನಗಳಾದ ಮೇಲೆ ಕುತ್ತಿಗೆಗೆ ತೂತು ಮಾಡಿ ನಳಿಕೆ ಹಾಕಿದರು. ಉಸಿರು ಯಂತ್ರದಿಂದ ನಳಿಕೆಯೊಳಗೆ ಹೋಗುತ್ತಿತ್ತು. ದನಿ ಹೋಯಿತು. ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಆಸ್ಪತ್ರೆಯವರಿಗೆ, ಅಣ್ಣನಿಗೆ ಅದು ಕಷ್ಟ. ನನಗೆ, ಅವ್ವನಿಗೆ ಅದರಲ್ಲಿ ಹೊಸದೇನಿತ್ತು? ಆ ಯಂತ್ರದ ಸದ್ದೂ ಸಣ್ಣ ಮಗ್ಗದ ಹಾಗೇ ಇತ್ತು. ಅಪ್ಪ ಮಲಗಿದಲ್ಲಿಂದಲೇ ಬೆನ್ನು ತುರಿಸು ಅನ್ನುತ್ತಿದ್ದ, ದೀಪ ಕಣ್ಣಿಗೆ ಹೊಡೀತೈತಿ ಅನ್ನುತ್ತಿದ್ದ. ಒಂದು ಸಲ ದಪ್ಪನೆಯ ನರ್ಸಮ್ಮನ ಬೆನ್ನ ಹಿಂದೆ, "ವ್ಯಾಪಾರಿ ತಂಗಿ ಇರಬೇಕ ಇಕಿ" ಅಂದ. ನಾನು ನಕ್ಕೆ. ಅವತ್ತು ಮಧ್ಯಾಹ್ನ ಕಾಲೇಜಿಗೂ ಹೋಗಿಬಂದೆ. ಆಸ್ಪತ್ರೆಯಿಂದ ಕಾಲೇಜು ನಡೆದುಹೋಗುವಷ್ಟು ಹತ್ತಿರ. ಪರೀಕ್ಷೆಗಳು ಹತ್ತಿರ ಬಂದಿದ್ದವು. ಪಾಠ ಕೇಳುವಾಗ ಮೇಷ್ಟರ ಬಾಯಿ ನೋಡುತ್ತಿದ್ದೆ, ಒಂದು ಅಕ್ಷರವೂ ಉಳಿಯುತ್ತಿರಲಿಲ್ಲ. ಆಗಲೇ ಏನೋ ಒಂದು ನನ್ನೊಳಗೆ ಜೋಮು ಹಿಡಿಯತೊಡಗಿತ್ತು ಎಂದು ಈಗ ಅನ್ನಿಸುತ್ತದೆ.

ಒಂದು ದಿನ ಡಾಕ್ಟರು ನಮ್ಮ ಮೂವರನ್ನೂ ಒಳಗೆ ಕರೆದರು. ಅಪ್ಪನ ಮಂಚದ ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳಿದರು: "ಪುಪ್ಪುಸ ಭಾಳ ಸೋತಾವ್ರಿ. ಮೀರಜ್‌ಗೆ ಒಯ್ದ್ರ ಏನರ ಆದೀತು, ಆಗಲಿಕ್ಕೂ ಇಲ್ಲ. ಮನಿಗೆ ಒಯ್ತೀವಿ ಅಂದ್ರ ಬ್ಯಾಡ ಅನ್ನಂಗಿಲ್ಲ, ಆದ್ರ ಹೆಚ್ಚಿಗಿ ಹೊತ್ತು ಸಿಗೂದಿಲ್ಲ. ಮನಿಮಂದಿ ಕೂಡಿ ವಿಚಾರ ಮಾಡ್ರಿ." ನಮ್ಮ ಕಡೆ ದೊಡ್ಡ ಬೇನೆ ಎಂದರೆ ಗಡಿಯಾಚೆ ಮೀರಜ್‌ನ ದೊಡ್ಡ ಆಸ್ಪತ್ರೆ. ಮೀರಜ್‌ಗೆ ಒಯ್ಯದಿದ್ದರೆ ಮನೆಯವರು ಕೈಬಿಟ್ಟರು ಎಂದೇ ಊರು ಮಾತಾಡಿಕೊಳ್ಳುತ್ತದೆ.

ಅಪ್ಪನಿಗೆ ಎಚ್ಚರವಿತ್ತು. ಡಾಕ್ಟರ ತುಟಿಯನ್ನು ಅವನೂ ನೋಡುತ್ತಿದ್ದ ಎಂಬುದು ಡಾಕ್ಟರಿಗೆ ಹೊಳೆದಿರಲಿಲ್ಲ. ಮೆಲ್ಲಗೆ ಮಾತಾಡಿದರೆ ನೇಕಾರನಿಗೆ ಕೇಳದೆಂದು ಅವರಿಗೆ ಅನ್ನಿಸಿರಬೇಕು. ಅಪ್ಪ ಕೈಯಿಂದ ಹಾಸಿಗೆ ತಟ್ಟಿದ. ನಾವು ನೋಡಿದೆವು. ನಾನು ಅವನ ಕಾಲ ಕಡೆ, ಅವ್ವ ನನ್ನ ಮಗ್ಗುಲಿಗೆ. ಅವನು ಅವಸರವಿಲ್ಲದೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ.

"ಮನಿಗೆ ಒಯ್ರಿ. ಮೀರಜ್ ಬ್ಯಾಡ. ನನಗ ಸಾಕಾಗೇತಿ."

"ಏನಂತಾನ ಅಪ್ಪ?" ಅಣ್ಣ ಕೇಳಿದ.

ನಾನು ಹೇಳಿದೆ. ಒಂದು ಮಾತೂ ಕೂಡಿಸದೆ, ಕಳೆಯದೆ ಹೇಳಿದೆ. ನನ್ನ ದನಿ ಆ ಕೋಣೆಗೆ ಜೋರಾಯಿತು, ಎಲ್ಲರಿಗೂ ಕೇಳಿಸಿತು. ಅಣ್ಣನ ಮುಖ ಕೆಂಪಾಯಿತು. ಅವನು ನನ್ನ ಬಿಟ್ಟು ಅವ್ವನ ಕಡೆ ತಿರುಗಿ, "ಹೌದನ ಯವ್ವ? ಹಂಗ ಅಂದ್ನ?" ಎಂದು ಕೇಳಿದ.

ಅವ್ವ ಅಪ್ಪನನ್ನೇ ನೋಡುತ್ತಿದ್ದಳು. "ಇಲ್ಲ. ನೀರ ಕೇಳಾಕತ್ತಾರ" ಅಂದಳು.

ಅಪ್ಪ ಅವಳ ತುಟಿ ನೋಡಿದ. ಅವಳು ಏನಂದಳು ಎಂದು ಅವನಿಗೆ ಗೊತ್ತಾಯಿತು. ಅದನ್ನು ನಾನು ನನ್ನ ಕಣ್ಣಾರೆ ಕಂಡೆ. ಅವನು ಇನ್ನೊಮ್ಮೆ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡ. ನರ್ಸಮ್ಮ ಬಂದು ಹತ್ತಿಯಿಂದ ಅವನ ತುಟಿ ಒದ್ದೆ ಮಾಡಿದಳು.

ಹೊರಗೆ ಪಡಸಾಲೆಯಲ್ಲಿ ಅಣ್ಣ ನನ್ನನ್ನು ನಿಲ್ಲಿಸಿದ. "ಪರೀಕ್ಷಾ ಹತ್ರ ಬಂದಾವಂತ ಅಪ್ಪನ್ನ ಮನಿಗೆ ಒಯ್ದು ಮಲಗಸೂನು ಅಂತೀಯೇನ ಲೇ? ಇಷ್ಟ ಕಲಿಸೇತೇನ ನಿನ್ನ ಕಾಲೇಜು?" ಅವನ ಕಣ್ಣಲ್ಲಿ ನೀರಿತ್ತು. ನಾನು ಅವ್ವನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಅವಳು ಸೆರಗಿನ ತುದಿಯಲ್ಲಿ ಎದ್ದ ಎಳೆಯೊಂದನ್ನು ಬೆರಳಿಗೆ ಸುತ್ತಿ ಸುತ್ತಿ ಕಿತ್ತಳು. ಅವಳಿಗೂ ಕಾಣಿಸಿತ್ತೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅವಳಷ್ಟು ಚೆನ್ನಾಗಿ ತುಟಿ ಓದುವವರು ಯಾರೂ ಇಲ್ಲ. ಅಪ್ಪ ಬಾಯಿ ತೆರೆಯುವ ಮೊದಲೇ ಮಾತು ಹಿಡಿಯುವವಳು.

ಸಂಜೆಯೊಳಗೆ ಅಂಬುಲೆನ್ಸ್ ಬಂತು. ಅವ್ವ ಒಳಗೆ ಕೂತಳು, ಅಣ್ಣ ಮುಂದೆ. ನನ್ನನ್ನು ಮನೆ ನೋಡಿಕೊಳ್ಳಲು ಬಿಟ್ಟರು. ಬಾಗಿಲು ಹಾಕುವ ಮೊದಲು ಅಪ್ಪನ ಮುಖ ನೋಡಿದೆ, ಏನಾದರೂ ಹೇಳುತ್ತಾನೇನೋ ಎಂದು. ಹೇಳಲಿಲ್ಲ. ನಾನು ಬನಹಟ್ಟಿ ಬಸ್ಸು ಹತ್ತಿ ಬಂದು, ರೊಟ್ಟಿ ತಿಂದು, ಓದಲು ಕೂತೆ. ಹೌದು, ಓದಲು ಕೂತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಪ್ಪ ಮೀರಜ್‌ನಲ್ಲೇ ತೀರಿಕೊಂಡ. ಸುದ್ದಿ ಬಂದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿದ್ದಷ್ಟನ್ನು ಮುಗಿಸಿಯೇ ಎದ್ದೆ. ಅವನನ್ನು ತಂದ ದಿನ ಓಣಿಯ ಮಗ್ಗಗಳನ್ನೆಲ್ಲ ಬಂದ್ ಮಾಡಿದ್ದರು. ನಮ್ಮ ಓಣಿ ಹಾಗೆ ಸುಮ್ಮನಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಬಂದವರೆಲ್ಲ ರೂಢಿಯಂತೆ ಜೋರಾಗಿ ಮಾತಾಡಿ, ತಮ್ಮ ದನಿಗೆ ತಾವೇ ಬೆಚ್ಚಿ ತಗ್ಗಿಸುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ. ಬಾಯಿ ತೆರೆಯಬಾರದೆಂದು ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಹೆಂಗಸರು ಹಾಡಿ ಹಾಡಿ ಅತ್ತರು, ನನ್ನ ಕೊರಳಿಗೆ ಬಿದ್ದು ಅಲ್ಲಾಡಿಸಿದರು. ನನಗೆ ಅಳು ಬರಲಿಲ್ಲ. ಬರಿಸಿಕೊಳ್ಳಲೂ ಹೋಗಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಕಾಲಾದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ.

ಪರೀಕ್ಷೆ ಬರೆದೆ, ಪಾಸಾದೆ. ಒಳ್ಳೆಯ ಅಂಕಗಳೇ ಬಂದವು. ಅಣ್ಣ ಅಂಕಪಟ್ಟಿ ನೋಡಿ, ಮಡಚಿ ನನ್ನ ಕೈಗೆ ತಿರುಗಿ ಕೊಟ್ಟ. ಬಿ.ಎಡ್. ಮಾಡಿದೆ. ಈಗ ಮುಧೋಳದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ, ಅಲ್ಲೇ ಒಂದು ಕೋಣೆ ಹಿಡಿದಿದ್ದೇನೆ, ರಜೆಗೆ ಬನಹಟ್ಟಿಗೆ ಬರುತ್ತೇನೆ. ಶಾಲೆಯ ಮೊದಲ ವರ್ಷ ಒಬ್ಬ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ಗೆಳತಿಗೆ, "ಟೀಚರ್ ಮಾರಿ ಕಲ್ಲ ಆಗೇತಿ" ಎಂದದ್ದನ್ನು ದೂರದಿಂದಲೇ ಓದಿದೆ. ಬೈಯಲಿಲ್ಲ. ಹುಡುಗಿ ಸರಿಯಾಗಿಯೇ ನೋಡಿದ್ದಳು.

ಅಣ್ಣ ನನ್ನೊಂದಿಗೆ ಜಗಳವಾಡಿದ್ದು ಅದೊಂದೇ ಸಲ. ಆಮೇಲೆ ಹಬ್ಬಕ್ಕೆ ಕರೆಯುತ್ತಾನೆ, ಸೀರೆ ಕೊಡುತ್ತಾನೆ, ಬಸ್ಸಿಗೆ ಬಿಡುತ್ತಾನೆ. ಆದರೆ ನನ್ನ ಮಾತು ಕೇಳಿ ಯಾವುದನ್ನೂ ನಂಬುವುದಿಲ್ಲ. ಮಳೆ ಬಂತು ಎಂದರೂ ಹೊರಗೆ ಕೈ ಚಾಚಿ ನೋಡುತ್ತಾನೆ. ಬೀಗರು ಬಂದಾಗ ನಗೆಚಾಟಿಕೆಯಂತೆ, "ಇಕಿ ಅವತ್ತ ಅಪ್ಪನ್ನ ಮನಿಗೆ ಒಯ್ಯೂನು ಅಂದಿದ್ಲು" ಎನ್ನುತ್ತಾನೆ. ಬೀಗರು ನಗುತ್ತಾರೆ, ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಅಪ್ಪ ಸತ್ತದ್ದಕ್ಕಿಂತ ಇದು ಹೆಚ್ಚು ನೋಯುತ್ತದೆ ಎಂದು ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ಖರೆ. ಅಪ್ಪ ನನಗೆ ಹೇಳಿದ ಕೊನೆಯ ಮಾತು ಅದು. ಅದು ಸುಳ್ಳಾಗಿ ಮನೆಯಲ್ಲಿ ಓಡಾಡುತ್ತಿತ್ತು, ಅದರ ಜೊತೆಗೆ ನಾನೂ.

ಒಮ್ಮೊಮ್ಮೆ ನನಗೇ ಸಂಶಯ ಬರುತ್ತಿತ್ತು. ಮುಧೋಳದ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಎರಡನ್ನೂ ಹೇಳಿ ನೋಡಿದ್ದೇನೆ. ನೀರು ಎನ್ನುವಾಗ ತುಟಿ ಒಂದಕ್ಕೊಂದು ತಾಗುವುದೇ ಇಲ್ಲ. ಮನಿ ಎನ್ನಲು ತಾಗಲೇಬೇಕು. ಅಪ್ಪನ ತುಟಿ ತಾಗಿದ್ದವು.

ಅವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳೂ ಅವಕಾಶ ಕೊಡಲಿಲ್ಲ. ಅಪ್ಪ ಹೋದ ಮೇಲೆ ಅವಳು ಮಗ್ಗದ ಮುಂದೆ ನನ್ನತ್ತ ಮುಖ ಮಾಡಿ ನಿಲ್ಲುವುದನ್ನೇ ಬಿಟ್ಟಳು. ಕಂಡಿಕೆ ಬೇಕಾದರೆ ಕೈ ಚಾಚುವಳು, ಊಟಕ್ಕೆ ಭುಜ ತಟ್ಟುವಳು. ಹೊರಗೆ ಬಂದ ಮೇಲೆ ಎಲ್ಲರಂತೆ ಜೋರು ದನಿಯಲ್ಲಿ ಮಾತು, ಎಲ್ಲರಿಗೂ ಕೇಳುವಂಥದ್ದು. ಸದ್ದಿನೊಳಗಿನ ನಮ್ಮಿಬ್ಬರ ಮಾತು ನಿಂತುಹೋಯಿತು. ನನಗೆ ಅವಳ ಮೇಲೆ ಸಿಟ್ಟಿತ್ತು, ಉರಿಯುವ ಸಿಟ್ಟಲ್ಲ, ತಣ್ಣಗೆ ಹೆಪ್ಪುಗಟ್ಟಿದ್ದು. ಅದರೊಂದಿಗೆ ಉಂಡೆ, ಮಲಗಿದೆ, ರಜೆ ಮುಗಿದಾಗ ಬಸ್ಸು ಹತ್ತಿದೆ.

ಈ ಸಲದ ದೀಪಾವಳಿ ರಜೆಗೆ ಬಂದಾಗ ಅಣ್ಣನ ಮಾವ, ಅಂದರೆ ಅವನ ಹೆಂಡತಿಯ ತಂದೆ, ಆಸ್ಪತ್ರೆ ಸೇರಿದ್ದರು. ಪ್ರಾಯದವರಲ್ಲ, ಬೇನೆಯೂ ಹಳೆಯದು. ಮುಂದೇನು ಎಂದು ಆ ಮನೆಯವರು ಅಣ್ಣನನ್ನು ಕೇಳಿದ್ದರು. ಅವ್ವ ಮತ್ತು ನಾನು ಹಿಂದೆ ಮಗ್ಗದ ಹತ್ತಿರವಿದ್ದೆವು. ಅವ್ವ ಕಡಿದ ಎಳೆಗಳನ್ನು ಕೂಡಿಸುತ್ತಿದ್ದಳು, ಮಗ್ಗ ನಿಂತಿತ್ತು. ಅಣ್ಣ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿದ.

"ಮೀರಜ್‌ಗೆ ಒಯ್ರಿ ಅಂದೆ" ಅಂದ. "ಅಪ್ಪಗ ನಾವು ಕೈಲಾದಷ್ಟ ಮಾಡಿದ್ವಿ. ಇವತ್ತಿಗೂ ನನಗ ಆ ಸಮಾಧಾನ ಐತಿ ನೋಡು ಯವ್ವ. ಇಕಿ ಮಾತ ಕೇಳಿದ್ರ ಮನ್ಯಾಗ ಕೂಡಿಸಿ ಕೊಂದಂಗ ಆಗ್ತಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ರೂಢಿಯಾಗಿಬಿಟ್ಟ ಮಾತು ಅದು. ನಾನು ಕಂಡಿಕೆಗಳನ್ನು ಬುಟ್ಟಿಗೆ ತುಂಬುತ್ತಿದ್ದವಳು ತುಂಬುತ್ತಲೇ ಇದ್ದೆ.

ಅವ್ವ ಎದ್ದಳು. ಎಳೆ ಕೂಡಿಸುವುದು ಇನ್ನೂ ಮುಗಿದಿರಲಿಲ್ಲ, ಹಾಗಿದ್ದಾಗ ಯಾರೂ ಮಗ್ಗ ಶುರು ಮಾಡುವುದಿಲ್ಲ, ಬಟ್ಟೆ ಕೆಡುತ್ತದೆ. ಅವಳು ಗುಂಡಿ ಒತ್ತಿದಳು. ಲಾಳಿ ಬಡಿಯತೊಡಗಿತು. ಆಮೇಲೆ ಬಾಗಿಲಿನ ಕಡೆ ಅರ್ಧ ಬೆನ್ನು ಮಾಡಿ, ನನ್ನ ಎದುರಿಗೆ ಬಂದು ನಿಂತಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಿಯನ್ನು ಇಷ್ಟು ಹತ್ತಿರದಿಂದ ನೋಡಿದೆ. ಸುತ್ತಲೂ ಗೆರೆಗಳು ಬಿದ್ದಿದ್ದವು.

"ಅವತ್ತ ನೀ ಹೇಳಿದ್ದು ಖರೆ" ಅಂದಳು. "ನಾನೂ ನೋಡಿದ್ದೆ."

ನಾನು ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ.

"ನೀರು ಕೇಳಿದ್ರ ಕೊಡಾಕ ಬರ್ತಿತ್ತು. ಅವರು ಕೇಳಿದ್ದು ಕೊಡಾಕ ನನ್ನ ಕೈಲಿ ಆಗಲಿಲ್ಲ. ನನಗ ಅವರು ಬೇಕಾಗಿದ್ರು."

ಲಾಳಿ ಬಡಿಯುತ್ತಲೇ ಇತ್ತು. ಅವಳ ಹಿಂದೆ ಬಟ್ಟೆಯಲ್ಲಿ ಎಳೆ ಬಿಟ್ಟ ಜಾಗ ಗೆರೆಯಾಗಿ ಉದ್ದವಾಗುತ್ತಿತ್ತು. ಅವಳು ಅದನ್ನು ನೋಡಲಿಲ್ಲ.

"ಮೀರಜ್‌ದಾಗ ಅವರಿಗೆ ಎಚ್ಚರ ಇತ್ತು. ನಾ ಮಂಚದ ಹತ್ರ ಹೋಗಿ ಬಾಯಿ ಆಡಿಸಿದ್ರ ಕಣ್ಣ ಮುಚ್ಚಿಕೊಳ್ತಿದ್ರು. ಕಡೀತನಕಾ ಹಂಗ ಮಾಡಿದ್ರು. ತಪ್ಪಾತು ಅಂತ ಹೇಳಾಕ ನನಗ ಆಗಲೇ ಇಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಅದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದೆ. ನೀನೂ ನೋಡಿದ್ದೆಯೆಂದು ಒಪ್ಪಿಕೋ, ಅಣ್ಣನ ಮುಂದೆ ಹೇಳು, ಎಂದು ಮನಸ್ಸಿನಲ್ಲೇ ಎಷ್ಟು ಸಲ ಅಂದುಕೊಂಡಿದ್ದೆ. ಈಗ ಹೇಳಿದ್ದಳು, ಅವನು ಅಲ್ಲೇ ನಿಂತಿದ್ದ, ಅವನಿಗೆ ಕೇಳಿಸಿರಲಿಲ್ಲ. ನಾನು ನೆನೆಸಿದ್ದು ಆ ಮಂಚ, ಅದರ ಪಕ್ಕದಲ್ಲಿ ಬಾಯಿ ಆಡಿಸುತ್ತ ನಿಂತ ಇವಳು, ಮುಚ್ಚಿದ ಕಣ್ಣು. ನನಗೆ ಅವಳ ಮೇಲೆ ಕನಿಕರ ಬಂತು. ಅದು ನನಗೆ ಬೇಕಾಗಿರಲಿಲ್ಲ, ಆದರೂ ಬಂತು, ಎದೆಯಲ್ಲಿ ನೋವಾಗುವಷ್ಟು. ಅಷ್ಟು ವರ್ಷಗಳಲ್ಲಿ ನನಗೆ ಸರಿಯಾಗಿ ನೋವಾದದ್ದು ಅದೇ ಮೊದಲು.

ಅಣ್ಣ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಿದ್ದ. ಅವ್ವನ ಭುಜದ ಆಚೆ ಅವನ ಬಾಯಿ ಆಡುವುದು ಕಂಡಿತು. "ಏನಂತಾಳ ಅವ್ವ?" ಎಂದು ನನ್ನನ್ನು ಕೇಳುತ್ತಿದ್ದ.

ನನ್ನನ್ನು ಕೇಳುತ್ತಿದ್ದ. ಅವ್ವ ತಿರುಗಲಿಲ್ಲ. ಅವನು ಕೇಳಿದ್ದು ಅವಳಿಗೆ ಗೊತ್ತಾಗಿರಲಿಲ್ಲ, ಆದರೆ ನನ್ನ ಕಣ್ಣು ಅವಳ ಭುಜದ ಆಚೆ ಹೋದದ್ದನ್ನು ನೋಡಿ ತಿಳಿದುಕೊಂಡಳು. ಅವಳ ಮುಖದಲ್ಲಿ ಬೇಡಿಕೆ ಇರಲಿಲ್ಲ. ಹೇಳುವುದಾದರೆ ಹೇಳು ಎಂಬಂತೆ ನಿಂತಿದ್ದಳು.

ನಾನು ಹೇಳಬಹುದಿತ್ತು. ಇದ್ದದ್ದನ್ನು ಇದ್ದಂತೆ ಹೇಳುವುದು ನನಗೆ ಬರುತ್ತದೆ. ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಅಪ್ಪ ಬೇಡವೆಂದ ಕಡೆಗೇ ಅವನನ್ನು ಎಳೆದೊಯ್ದೆನೆಂದು ಅಣ್ಣ ಇನ್ನುಳಿದ ಜೀವಮಾನ ಸಮೀರವಾಡಿಯ ಸರದಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದ. ಅವ್ವನ ಮುಖವನ್ನು ಅವನು ಮತ್ತೆ ಮೊದಲಿನಂತೆ ನೋಡುತ್ತಿರಲಿಲ್ಲ. ಇವನ್ನೆಲ್ಲ ಆಗ ಹೀಗೆ ಸಾಲಾಗಿ ವಿಚಾರ ಮಾಡಿದೆನೆಂದಲ್ಲ. ಬುಟ್ಟಿ ಕೆಳಗಿಟ್ಟೆ. ಬಾಯಿಗೆ ಬಂದದ್ದು ಬಂತು.

"ಚಹಾ ಬೇಕಂತ" ಎಂದು ಬಾಯಿ ಬಿಡಿಸಿ, ಕಪ್ಪು ಎತ್ತಿ ಕುಡಿಯುವ ಸನ್ನೆಯನ್ನೂ ಮಾಡಿ ಹೇಳಿದೆ.

ಅಣ್ಣ ಕೈ ಎತ್ತಿ, ಆಯಿತು ಎಂದು ಸನ್ನೆ ಮಾಡಿದ. ನಾನು ಹೇಳಿದ್ದನ್ನು ಒಮ್ಮೆಗೇ ನಂಬಿ ಅಡಿಗೆಮನೆಯ ಕಡೆ ಹೋದ.

ಅವ್ವ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು.